ಹೊಗೆ ಮೇಲೆ ಹೋಗಲಿಲ್ಲ

ಅಕ್ಕಾ,

ಅಕ್ಷರ ಕೋಳಿ ಕೆದಕಿದ ಹಾಗಿದೆ, ತಪ್ಪುಗಳೂ ಇವೆ, ಬೈಯದೆ ಓದಿಕೋ. ನೀನು ಹೇಳಿ ಕೆಲಸಕ್ಕೆ ಸೇರಿಸಿದ ಈ ಮನೆಯಲ್ಲಿ ಚಳಿಗೆ ಕಬ್ಬಿಣದ ಸೌದೆ ಒಲೆ ಇದೆ. ಅದರ ಹೊಗೆ ಕೊಳವೆ ಛಾವಣಿ ದಾಟಿ ಹೋಗುತ್ತದೆ. "ಹಚ್ಚೋಕೆ ಬರುತ್ತಾ?" ಅಂತ ಮೊನ್ನೆ ಯಜಮಾನಿ ಕೇಳಿದರು. "ಹುಟ್ಟಿದಾಗಿಂದ ಒಲೆ ಮುಂದೇನೇ ಇದ್ದೀನಿ" ಅಂದುಬಿಟ್ಟೆ. ಗಾಳಿ ನುಗ್ಗಬಾರದೆಂದು ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿ ಬೆಂಕಿ ಹಚ್ಚಿದೆ. ಹೊಗೆಯೆಲ್ಲ ಕೋಣೆಗೇ ನುಗ್ಗಿತು. ಯಜಮಾನಿಯ ಅತ್ತೆ, ಎಂಬತ್ತು ದಾಟಿದ ಅಜ್ಜಿ, ಕೆಮ್ಮುತ್ತಾ ಕಂಬಳಿ ಹೊದ್ದು ಅಂಗಳದಲ್ಲಿ ಕೂರಬೇಕಾಯಿತು. "ಹೊಗೆ ಹಾಕಿ ನನ್ನನ್ನ ಹಣ್ಣು ಮಾಡ್ತೀಯೇನೇ?" ಅಂತ ನಕ್ಕರು. ನನಗೆ ತಲೆ ಎತ್ತಲಾಗಲಿಲ್ಲ. ಆಮೇಲೆ ಅವರೇ ಹೇಳಿಕೊಟ್ಟರು: "ಕೊಳವೆ ತಣ್ಣಗಿದ್ರೆ ಹೊಗೆ ಏರಲ್ಲ ಮಗಾ. ಮೊದಲು ಕಾಗದ ಉರಿಸಿ ಅದನ್ನ ಬೆಚ್ಚಗೆ ಮಾಡು, ಕಿಟಕಿ ಎರಡು ಬೆರಳು ತೆಗೆದಿಡು."

ಅಜ್ಜಿಗೆ ಕೆಮ್ಮು ಕಡಿಮೆಯಾಗಿದೆ. ನನಗೆ ಕಣ್ಣುರಿ ಬಿಟ್ಟರೆ ಬೇರೇನಿಲ್ಲ. ನಿನ್ನ ಮಾತಿಗೆ ಮಸಿ ಬಳಿದೆ, ಕ್ಷಮಿಸು. ಕಾರ್ಡಿನಲ್ಲಿ ಜಾಗ ಮುಗಿಯುತ್ತಾ ಬಂತು.

ಇಲ್ಲಿ ಎಲ್ಲರೂ ನನ್ನ ಕೆಲಸ ಹೊಗಳುತ್ತಾರೆ ಅಂತ ನಿನ್ನೆ ನಿನಗೊಂದು ಕಾರ್ಡು ಬರೆದಿಟ್ಟಿದ್ದೆ. ಇವತ್ತು ಬೆಳಿಗ್ಗೆ ಕೊಳವೆ ಬೆಚ್ಚಗಾಗಲೆಂದು ಹಳೇ ಕಾಗದಗಳ ಜೊತೆ ಅದನ್ನೂ ಉರಿಸಿದೆ.

ನಿನ್ನ ತಂಗಿ