ಒಲೆ ಸೇರಿದ ಕಾಡು

ಭೂಗರ್ಭದ ಸಮಸ್ತ ಕತ್ತಲೆಯ ಒಡತಿಯೂ, ಗಣಿಯ ಮಹಾ ಇಂಜಿನಿಯರೂ, ನನ್ನ ಸೈಕಲ್ ಪಂಪು ಹೊತ್ತೊಯ್ದವರೂ ಆದ ಅಕ್ಕನವರ ದಿವ್ಯ ಸನ್ನಿಧಾನಕ್ಕೆ,

ತಾವು ಅಮ್ಮನಿಗೆ ಕಳಿಸಿದ ಕಲ್ಲಿದ್ದಲಿನ ತುಂಡು ತಲುಪಿತು. ಅದರ ಮೇಲೆ ಅಚ್ಚೊತ್ತಿದ ಜರಿಗಿಡದ ಎಲೆ ಕಂಡು ಕೃತಾರ್ಥನಾದೆ. ಕೋಟ್ಯಂತರ ವರ್ಷಗಳ ಹಿಂದೆ ಜೌಗಿನಲ್ಲಿ ಬಿದ್ದ ಗಿಡ, ಗಾಳಿ ಸಿಗದೆ ಪೂರ್ತಿ ಕೊಳೆಯದೆ, ಕೆಸರಿನ ಭಾರಕ್ಕೂ ಭೂಮಿಯ ಶಾಖಕ್ಕೂ ಸಿಕ್ಕಿ ಹೀಗಾಯಿತೆಂಬ ತಮ್ಮ ಚೀಟಿಯನ್ನು ಗಟ್ಟಿಯಾಗಿ ಓದಿದೆ. ಜಗಳವಾಡಿ ಮನೆ ಬಿಟ್ಟವರು ಕ್ಷಮೆ ಕೇಳುವ ಬಗೆ ಇದೆಂದೂ ವಿವರಿಸಿದೆ.

"ತಾನು ಬರೋದು ಬಿಟ್ಟು ಇದ್ದಲು ಕಳಿಸ್ತಾಳಾ?" ಎಂದು ಅಮ್ಮ ಅದನ್ನು ನೇರ ಒಲೆಗೆ ಹಾಕಿದಳು. ಆ ಪುರಾತನ ಕಾಡು ಒಂದು ಲೋಟ ಚಹಾ ಕಾಯಿಸಿ ಮುಕ್ತಿ ಪಡೆಯಿತು.

ಅಂದಿನಿಂದ ಗೇಟು ಸದ್ದಾದರೆ ಸಾಕು, ಏಳುತ್ತಾಳೆ, ಇಣುಕುತ್ತಾಳೆ, ಮತ್ತೆ ಕೂರುತ್ತಾಳೆ. ನನ್ನನ್ನೂ ಕೂರಗೊಡುವುದಿಲ್ಲ. ಆದ್ದರಿಂದ ತಾವು ಇನ್ನೊಂದು ತುಂಡಿನೊಡನೆ ಈ ಭಾನುವಾರವೇ ಖುದ್ದು ದಯಮಾಡಿಸತಕ್ಕದ್ದು. ಬರುವಾಗ ಬಟ್ಟೆ ಸೋಪು ತರುವುದು.

ಇಂತಿ, ಪಂಪಿಲ್ಲದ ಸೈಕಲ್ಲಿನ ಒಡೆಯ,
ತಮ್ಮ

ತಾ.ಕ.: ಅಕ್ಕಾ, ಒಲೆಯ ಕಥೆ ಸುಳ್ಳು. ನೀನು ಸಿಟ್ಟಿಗಾದರೂ ಓಡಿ ಬರುತ್ತೀಯೆಂದು ಕಟ್ಟಿದೆ. ಇದ್ದಲು ಅಮ್ಮನ ದಿಂಬಿನ ಕೆಳಗಿದೆ. "ಅವಳಿಗೆ ಹೇಳ್ಬೇಡ ಕಣೋ" ಅಂದಿದ್ದಾಳೆ. ದಿಂಬಿನ ಕವರು ದಿನಾ ಕಪ್ಪಾಗುತ್ತದೆ, ಒಗೆಯುವವನು ನಾನು.