ಕಾಲ ಮುಂದಿನ ಸಸಿಕಟ್ಟು

ಬುಕ್ಕಸಾಗರ
೧೮ ಆಗಸ್ಟ್ ೧೯೮೯, ಶುಕ್ರವಾರ

ಚಿರಂಜೀವಿ ಮೈಲಾರಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂದು ಇಪ್ಪತ್ತು ದಿನ ದಾಟಿತು. ತಡವಾಯಿತೆಂದು ಸಿಟ್ಟಾಗಬೇಡ. ಕಾಲುವೆಗೆ ನೀರು ಬಿಟ್ಟ ದಿನದಿಂದ ಕೈಮೇಲಿನ ಕೆಸರು ಒಣಗಿಲ್ಲ. ಪೆನ್ನು ಹಿಡಿದರೆ ಜಾರುತ್ತಿತ್ತು.

ನಾವೆಲ್ಲ ಚೆನ್ನಾಗಿದ್ದೇವೆ. ಈ ವರ್ಷ ನೀರಿಗೆ ಜಗಳವಿಲ್ಲ, ಪಾಳಿ ತಪ್ಪದೆ ಬರುತ್ತಿದೆ. ಕೆಂದಾಕಳು ಹೆಣ್ಣುಗರು ಹಾಕಿದೆ. ನಿನ್ನವ್ವ ಅದಕ್ಕಿನ್ನೂ ಹೆಸರಿಟ್ಟಿಲ್ಲ, ಶ್ರೀಲಂಕಾದಿಂದ ನೀನು ಬಂದ ಮೇಲೆ ನೀನೇ ಇಡಬೇಕಂತೆ. ಯಶವಂತನಗರದಿಂದ ನಿನ್ನಕ್ಕ ಗಾಳೆಮ್ಮ ಬಂದು ನಾಲ್ಕು ದಿನ ಇದ್ದಳು. ಗಣಿಯ ಕೆಂಪು ಧೂಳು ಅಲ್ಲಿಯ ನೀರಿಗೆ ಬಿಡುವುದಿಲ್ಲವೆಂದು ಮನೆಮಂದಿಯ ಬಟ್ಟೆಯನ್ನೆಲ್ಲ ಗಂಟು ಕಟ್ಟಿ ತಂದು ನಮ್ಮ ಕಾಲುವೆಯಲ್ಲಿ ಒಗೆದುಕೊಂಡು ಹೋದಳು. ನಿನ್ನ ಎಡಗಿವಿ ಈಗ ಹೇಗಿದೆ? ಬಾಂಬಿನ ಸದ್ದಿಗೆ ಹೋದದ್ದು ಮರಳಿ ಬರುತ್ತದೆಂದು ಮಿಲಿಟರಿ ಡಾಕ್ಟರು ಹೇಳಿದರೋ ಇಲ್ಲವೋ, ನೀನು ಬರೆದೇ ಇಲ್ಲ.

ಈಗ ಒಂದು ಕಥೆ ಕೇಳು. ಇದನ್ನು ಮೊದಲು ಹೇಳಿದವಳು ನಾಟಿ ಗುಂಪಿನ ಸುಂಕಮ್ಮ, ಮೊನ್ನೆ ಬುಧವಾರ ಸಂಜೆ, ನಮ್ಮ ಮನೆಯ ಕಟ್ಟೆಯ ಮೇಲೆ. ಆ ದಿನ ಹಗಲೆಲ್ಲ ನಾನು ಗೊಬ್ಬರಕ್ಕೆಂದು ಕಂಪ್ಲಿಗೆ ಹೋಗಿದ್ದೆ, ಹಾಗಾಗಿ ಕಣ್ಣಾರೆ ಕಂಡದ್ದಲ್ಲ. ಉಪ್ಪುಖಾರ ಹೆಚ್ಚಾಗಿದ್ದರೆ ಅರ್ಧ ಅವಳದು, ಅರ್ಧ ನನ್ನದು.

ನಮ್ಮ ಎಮ್ಮೆಲ್ಲೆ ಜಡೆಪ್ಪನವರು ಗೊತ್ತಲ್ಲ. ವಿಧಾನಸಭೆ ವಿಸರ್ಜನೆಯಾಗಿದ್ದರೂ ಜನರ ಬಾಯಲ್ಲಿ ಇನ್ನೂ ಎಮ್ಮೆಲ್ಲೆಯೇ. ವರ್ಷದ ಕೊನೆಗೆ ಚುನಾವಣೆ ಎಂಬ ಗಾಳಿ ಬೀಸಿದ್ದೇ ತಡ, ಅವರ ಜೀಪಿಗೆ ನಮ್ಮೂರಿನ ದಾರಿ ನೆನಪಾಯಿತು. ಬುಧವಾರ ನಮ್ಮ ಮೇಲಿನ ಗದ್ದೆಯಲ್ಲಿ ನಾಟಿ ನಡೆದಾಗ ಬಿಳಿ ಧೋತರ ಎತ್ತಿ ಹಿಡಿದು ಬದುವಿನ ಮೇಲೆ ನಡೆದು ಬಂದರಂತೆ. ಬಂದವರೇ ಶುರು ಮಾಡಿದರು.

“ಯವ್ವಾ, ನಮ್ಮ ಮಕ್ಕಳು ಯಾರದೋ ದೇಶದಾಗ ಯಾರದೋ ಜಗಳಕ್ಕ ಸಾಯಾಕತ್ಯಾವು. ಕಳಸಬ್ಯಾಡ್ರಿ ಅಂತ ನಾ ಮೊದಲ ದಿನದಿಂದ ಹೇಳೇನಿ. ಈ ಸಲ ಆರಿಸಿ ಕಳಸ್ರಿ, ಈ ಗದ್ದಿ ಯಜಮಾನನ ಮಗ ಮೈಲಾರಿನ್ನ ನಾನ ಕರಕೊಂಡು ಬರ್ತೀನಿ.”

ನಾಟಿ ಹೆಂಗಸರ ಕಾನೂನು ನಿನಗೆ ಗೊತ್ತೇ ಇದೆ. ಬಿಳಿ ಬಟ್ಟೆಯವರು ಯಾರಾದರೂ ಬದುವಿನ ಮೇಲೆ ಬಂದರೆ ಅವರ ಕಾಲ ಮುಂದೆ ಒಂದು ಸಸಿಕಟ್ಟು ಇಡುತ್ತಾರೆ. ಕೇಳಿದ್ದನ್ನು ಕೊಡದೆ ಅದನ್ನು ದಾಟುವಂತಿಲ್ಲ. ಸುಂಕಮ್ಮ ನೀರು ಸೋರುವ ಕಟ್ಟನ್ನು ತಂದು ಜಡೆಪ್ಪನವರ ಚಪ್ಪಲಿಯ ಮುಂದೆ ಇಟ್ಟಳು. ಅವರು ನಗುತ್ತ ಜೇಬಿಗೆ ಕೈ ಹಾಕಿದರು.

“ರೊಕ್ಕ ಬ್ಯಾಡ್ರಿ ಸಾಹೇಬ್ರ. ಒಂದು ಮಾತು ಕೊಡ್ರಿ.”

“ಕೊಟ್ಟೆ ತಗೋ ಯವ್ವಾ. ನೀರಿಂದೋ, ರೇಷನ್ ಕಾರ್ಡಿಂದೋ?”

“ಹೊಸಾ ಮಾತಲ್ರಿ, ಹಳೇದು. ಎರಡು ವರ್ಷದ ಹಿಂದ ಸಾಲಿ ಮುಂದ ಜಂಡಾ ಹಾರಿಸಿ, ಲಂಕಾಕ್ಕ ಹೊಂಟಿದ್ದ ಮೈಲಾರಿಗೂ ಅವರಪ್ಪಗೂ ಹಾರ ಹಾಕಿ ಮೈಕಿನಾಗ ಏನಂದ್ರಿ? ಅದನ್ನ ಒಮ್ಮೆ ಹೇಳಿ ದಾಟ್ರಿ.”

“ಎಷ್ಟ್ ಭಾಷಣ ಮಾಡಿರ್ತೀನಿ, ಹೆಂಗ ನೆನಪಿರ್ತದಬೇ?”

ಆಗ ಸಾಲಿನ ತುದಿಯಲ್ಲಿದ್ದ ಮುದುಕಮ್ಮ ಸೊಂಟ ನೆಟ್ಟಗೆ ಮಾಡಿ, ಸಸಿಯನ್ನೇ ಮೈಕಿನಂತೆ ಬಾಯಿಗೆ ಹಿಡಿದು, ಅವರ ಧಾಟಿಯಲ್ಲೇ ಒದರಿದಳಂತೆ: “ಈ ಹುಡುಗ ವಾಪಸ್ ಬರದಿದ್ರೂ ಚಿಂತಿಲ್ಲ, ನಮ್ಮ ತಾಲೂಕಿಗೆ ಹೆಸರು ಬರ್ತದ!”

ಹೆಂಗಸರೆಲ್ಲ ಹೋ ಎಂದು ನಕ್ಕರು. ಜಡೆಪ್ಪನವರಿಗೆ ರೇಗಿತು. “ಅವಾಗ ಎಲ್ಲಾರೂ ಹಂಗ ಅಂತಿದ್ರು! ನಾ ಒಬ್ಬನ ಅಂದೆನೇನು? ನೀವೂ ಚಪ್ಪಾಳಿ ಹೊಡದ್ರಿ!”

ನಗು ನಿಂತಿತು. ಸುಂಕಮ್ಮನೇ ಬಾಯಿ ಬಿಟ್ಟಳಂತೆ: “ಹೊಡದ್ವಿ. ಹೊಡದದ್ದಕ್ಕ ಎರಡು ವರ್ಷದಿಂದ ಮೈಲಾರಿ ಅವ್ವ ಹೊಳೆಮ್ಮನ ಮುಖ ನೋಡಾಕ ನಾಚಿಕಿ ಬರ್ತದ. ನಿಮಗ ಬರಲಿಲ್ಲಲ್ಲ, ಅದನ್ನ ಕೇಳಾಕತ್ತೀನಿ.”

ಜಡೆಪ್ಪನವರು ಸಣ್ಣ ದನಿಯಲ್ಲಿ, “ತಪ್ಪಾತವ್ವ” ಎಂದರು.

“ಮುದುಕಮ್ಮಗ ಕೇಳಿಸಲಿಲ್ರಿ!” ಎಂದು ಹಿಂದಿನಿಂದ ಯಲ್ಲಕ್ಕ ಕೂಗಿದಳು. ಇನ್ನೊಂದು ಸಲ ಗಟ್ಟಿಯಾಗಿ ಹೇಳಿದರು. ಅಷ್ಟಕ್ಕೂ ಬಿಡದೆ ಅವರನ್ನು ಗದ್ದೆಗೆ ಇಳಿಸಿ ಒಂದು ಸಾಲು ನಾಟಿ ಹಚ್ಚಿಸಿಯೇ ಕಳಿಸಿದರಂತೆ. ಸಾಲು ಹಾವಿನ ಹಾಗೆ ಹೊರಳಿತ್ತು. ಧೋತರದ ಬಣ್ಣ ಯಾವುದೆಂದು ಜೀಪಿನ ಡ್ರೈವರನಿಗೇ ಗುರುತು ಸಿಗಲಿಲ್ಲ ಎಂದು ಸುಂಕಮ್ಮ ಎದ್ದು ನಿಂತು ಅವರ ನಡಿಗೆಯನ್ನು ಮಾಡಿ ತೋರಿಸಿದಾಗ ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಿನ್ನವ್ವ ಮಾತ್ರ ಕರುವಿನ ಮೈ ಸವರುತ್ತ ಕುಳಿತಿದ್ದಳು.

ಯಾರು ಯಾವ ಲೆಕ್ಕಾಚಾರಕ್ಕೆ ಹೇಳಿದರೂ ಸರಿ, ನಿಮ್ಮನ್ನೆಲ್ಲ ಊರಿಗೆ ಕಳಿಸುತ್ತಾರೆ ಎಂಬ ಮಾತು ಪೇಪರಿನಲ್ಲೂ ಬರುತ್ತಿದೆ. ವೋಟಿಗಾಗಿ ಕರೆಸಿದರೂ ನೀನು ಬಂದರೆ ಸಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ವಿರೂಪಾಕ್ಷ ನಿನ್ನ ಬೆನ್ನಿಗಿರಲಿ, ನಿನ್ನ ಬಲಗಿವಿಯನ್ನಾದರೂ ಕಾಯಲಿ.

ನಿನ್ನ ಅಪ್ಪ
ವಿರುಪಾಕ್ಷಪ್ಪ

ತಾ.ಕ.: ಜಡೆಪ್ಪನವರನ್ನು ನೆನೆದು ನಾನೂ ನಕ್ಕೆ, ಆದರೆ ಶಾಲೆಯ ಮುಂದೆ ಹಾರ ಹಾಕಿದ ಆ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ನಾನು. ನೀನು ಹಡಗು ಹತ್ತುವ ಮೊದಲು ಮದ್ರಾಸಿನಿಂದ ಬರೆದ ಕಾಗದ ನನ್ನ ಕೈಸೇರಿತ್ತು, ಮಗನೆ. “ಅವ್ವಗ ಸೀರಿಯಸ್ ಅಂತ ತಂತಿ ಕೊಡಪ್ಪ, ರಜಾ ಕೊಡ್ತಾರ. ನನಗ ಅಂಜಿಕಿ ಆಗೇತಿ” ಎಂದು ಬರೆದಿದ್ದೆ. ನಾನು ಕೊಡಲಿಲ್ಲ. ಹಾರ ಹಾಕಿಸಿಕೊಂಡ ಅಪ್ಪ ತಿಂಗಳೊಳಗೆ ಮಗನನ್ನು ವಾಪಸ್ ಕರೆಸಿಕೊಂಡ ಎಂದು ಊರು ಆಡಿಕೊಳ್ಳುತ್ತದೆಂದು ಹೆದರಿದೆ. ಕಾಗದವೇ ಬಂದಿಲ್ಲವೆಂದು ನಿನ್ನವ್ವನಿಗೆ ಹೇಳಿದೆ. ಆಮೇಲೆ ನೀನು ಒಂದು ಸಲವೂ ಆ ತಂತಿಯ ಸುದ್ದಿ ಎತ್ತಲಿಲ್ಲ.

ನಿನ್ನೆ ಬೆಳಿಗ್ಗೆ ಕಥೆ ಕೇಳಿದವರೆಲ್ಲ ಅವರವರ ಕೆಲಸಕ್ಕೆ ಹೋದರು. ಸುಂಕಮ್ಮನ ಗುಂಪು ಕೆಳಗಿನ ಗದ್ದೆಗಿಳಿಯಿತು. ನಾನೂ ನಿನ್ನವ್ವನೂ ಜಡೆಪ್ಪನವರ ಸಾಲು ನೋಡಲು ಹೋದೆವು. ಅರ್ಧ ಸಸಿ ತೇಲುತ್ತಿತ್ತು. ಅವಳು ಬಗ್ಗಿ ಅವನ್ನು ಮತ್ತೆ ಹಚ್ಚುವಾಗ, ಬದುವಿನ ಮೇಲೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಮೇಲೆದ್ದು, ಒಂದು ಸಸಿಕಟ್ಟು ತಂದು ನನ್ನ ಕಾಲ ಮುಂದೆ ಇಟ್ಟಳು.

“ಏನ್ ಕೊಡ್ಲಿ?” ಎಂದೆ.

“ನನಗ ಹೇಳಿದ್ದನ್ನ ಅವಗ ಬರೀರಿ. ಬರಿಯೂತನಕ ಇದನ್ನ ದಾಟಬ್ಯಾಡ್ರಿ.”

ಬಂದ ದಾರಿಯಲ್ಲೇ ಹಿಂದಿರುಗಿ, ಕಾಲುವೆ ಸುತ್ತಿಕೊಂಡು ಮನೆಗೆ ಬಂದೆ. ಇವತ್ತು ಬರೆದಿದ್ದೇನೆ. ಸಸಿಕಟ್ಟು ಇನ್ನೂ ಅಲ್ಲೇ ಇದೆ. ಬಾಡದಿರಲೆಂದು ಬೇರಿಗೆ ನೀರು ತಾಗುವಂತೆ ಇಟ್ಟಿದ್ದಾಳೆ. ಈ ಕಾಗದವನ್ನು ಅಂಚೆ ಪೆಟ್ಟಿಗೆಗೆ ಹಾಕಿ ಬಂದು ಅದನ್ನು ಬಿಚ್ಚಿ ಹಚ್ಚುತ್ತೇನೆ.