ಡಬ್ಬಿಯ ಮಾತ್ರೆ ಮುಟ್ಟಬೇಡ

ಬುಧವಾರ, ಮಧ್ಯಾಹ್ನ

ನನ್ನ ಮೇಲೆ ಮುನಿದು ಅಕ್ಕನ ಮನೆ ಸೇರಿರುವ ಯಜಮಾನಿಗೆ,

ಕ್ಷೇಮ ಸಮಾಚಾರ ಆಮೇಲೆ. ನೀನು ಹೋಗುವಾಗ ಕಪಾಟಿನ ಮೇಲಿಂದ ಎತ್ತಿಕೊಂಡು ಹೋದ ನೀಲಿ ಮುಚ್ಚಳದ ಡಬ್ಬಿ ಇದೆಯಲ್ಲ, ಅದರೊಳಗಿನ ಒಂದು ಮಾತ್ರೆಯನ್ನೂ ಬಾಯಿಗೆ ಹಾಕಬೇಡ. ಇವತ್ತು ಹಾಕಿಕೊಂಡಿದ್ದರೆ ಅದೇ ಕೊನೆಯದಾಗಲಿ. ಈ ಕಾಗದ ಹರಿದು ಹಾಕುವ ಮನಸ್ಸಿದ್ದರೆ ಇಷ್ಟು ಓದಿ ಹರಿ. ಉಳಿದದ್ದು ಕೇಳುವ ತಾಳ್ಮೆ ಇದ್ದರೆ ಕುಳಿತು ಓದು, ನಿನ್ನ ಮಂಡಿಗೂ ಒಳ್ಳೆಯದು.

ಲಕೋಟೆಯ ಮೇಲಿನ ಅಕ್ಷರ ನನ್ನದಲ್ಲ, ಇಲ್ಲಿಯ ನರ್ಸಮ್ಮನದು. ನನ್ನ ಅಕ್ಷರ ಕಂಡರೆ ನೀನು ತೆರೆಯದೆ ಒಲೆಗೆ ಹಾಕುವವಳು. ಬೇಕರಿಯಲ್ಲಿ ಕೆಲಸ ಮಾಡುವವಳಿಗೆ ಒಲೆ ಹುಡುಕಿಕೊಂಡು ಹೋಗುವ ಕಷ್ಟವೂ ಇಲ್ಲ. ನರ್ಸಮ್ಮ ಎಂದೆನೆಂದು ಗಾಬರಿಯಾಗಬೇಡ. ಸ್ವಲ್ಪ ಹೊಟ್ಟೆ ಕೆಟ್ಟಿತ್ತು, ತೋರಿಸಲು ಬಂದಿದ್ದೆ.

ಫೋನು ಮಾಡಿ ನೋಡಿದೆ. ನನ್ನ ನಂಬರಿಗೆ ನೀನು ಬೀಗ ಹಾಕಿದ್ದೀಯ. ನರ್ಸಮ್ಮನ ಫೋನಿನಿಂದ ಮಾಡಿಸಿದರೆ, ಗೊತ್ತಿಲ್ಲದ ನಂಬರೆಂದು ನೀನು ಎತ್ತಲಿಲ್ಲ. ನಿನ್ನ ಅಕ್ಕನಿಗೆ ಮಾಡಿದರೆ, "ಅವಳು ಮನೇಲಿಲ್ಲ. ಇದ್ರೂ ನಿಮಗಿಲ್ಲ" ಎಂದು ಇಟ್ಟುಬಿಟ್ಟಳು. ಮತ್ತೆ ಮಾಡಿದೆ. "ಮಾತ್ರೆ" ಎಂದು ಬಾಯಿ ತೆರೆಯುವಷ್ಟರಲ್ಲಿ, "ನಿಮ್ಮ ಮಾತ್ರೆ ನೀವೇ ನುಂಗ್ಕೊಳ್ಳಿ" ಎಂದಳು. ನುಂಗಿದ್ದರಿಂದಲೇ ತಾನೆ ಇಷ್ಟೆಲ್ಲ. ಈ ಕಾಗದ ನಾಳೆ ಬೆಳಿಗ್ಗೆ ನಿನ್ನ ಕೈ ಸೇರುತ್ತದೆ ಎಂದು ಕೊರಿಯರಿನವನು ಹೇಳಿದ್ದಾನೆ. ಅಷ್ಟರೊಳಗೆ ನೀನು ಇನ್ನೆಷ್ಟು ನುಂಗುತ್ತೀಯೋ ಎಂಬುದೇ ನನ್ನ ಎದೆಯ ಮೇಲೆ ಕುಳಿತಿದೆ.

ಆ ಡಬ್ಬಿ ಹೇಗೆ ತುಂಬಿತೆಂದು ನಿನಗೆ ಗೊತ್ತು. ನಮ್ಮ ಕಸುಬಿನಲ್ಲಿ ಬಣ್ಣ ಚೆಲ್ಲುವುದಿಲ್ಲ. ಒಂದು ಮನೆಯ ಕೆಲಸ ಮುಗಿದಾಗ ಡಬ್ಬಗಳ ತಳದಲ್ಲಿ ಉಳಿದದ್ದನ್ನೆಲ್ಲ ಒಂದೇ ಬಕೀಟಿಗೆ ಸುರಿಯುತ್ತೇವೆ, ಕೋಲಿನಿಂದ ತಿರುವುತ್ತೇವೆ, ಯಾರದಾದರೂ ಸಾಮಾನು ಕೋಣೆಗೋ ಹಿತ್ತಲ ಗೋಡೆಗೋ ಬಳಿಯುತ್ತೇವೆ. ಅದರಿಂದ ಯಾವ ಗೋಡೆಯೂ ಸತ್ತಿಲ್ಲ. ಮಾತ್ರೆಗೂ ಅದೇ ಕೈ ಓಡಿತು. ಅರ್ಧರ್ಧ ಉಳಿದ ಪಟ್ಟಿಗಳನ್ನು ಒತ್ತಿ ಒತ್ತಿ ಮಾತ್ರೆಗಳನ್ನು ಡಬ್ಬಿಗೆ ಉದುರಿಸಿದೆ, ಖಾಲಿ ಪಟ್ಟಿ ಎಸೆದೆ. ಪಟ್ಟಿಯ ಜೊತೆಗೆ ಹೆಸರೂ ಹೋಯಿತು, ತಾರೀಕೂ ಹೋಯಿತು. ಉಳಿದದ್ದು ಬಣ್ಣ. ಬಣ್ಣ ಹಿಡಿದೇ ತಲೆ ನರೆತವನಿಗೆ ಹೆಸರು ಯಾಕೆ ಎಂದುಕೊಂಡೆ. ನೀನು ಡಬ್ಬಿ ಒಯ್ಯುವ ಮೊದಲೇ ಒಂದು ಹಿಡಿ ನನ್ನ ಅಂಗಿಯ ಜೇಬಿಗೆ ಇಳಿದಿತ್ತು.

ಹಳೆಯ ಸಿನಿಮಾ ಮಂದಿರದ ಚಾವಣಿ ಬಳಿಯುವ ಕೆಲಸ ಒಪ್ಪಬೇಡಿ, ಭುಜ ಕೈಕೊಡುತ್ತದೆ ಎಂದು ನೀನು ಹೇಳಿದೆ. "ನಿನ್ನ ಮಂಡಿ ನೀನು ನೋಡ್ಕೋ" ಎಂದು ನಾನು ಹೇಳಿದೆ. ನೀನು ಚೀಲ ಕಟ್ಟಿದೆ, ನಾನು ಏಣಿ ಕಟ್ಟಿದೆ. ಆ ಚಾವಣಿಯೋ, ಬಳಿದಷ್ಟೂ ಬೆಳೆಯುತ್ತದೆ. ಕತ್ತು ಎತ್ತಿ, ಕೈ ಎತ್ತಿ ರೋಲರ್ ಎಳೆದೆಳೆದು ಭುಜ ಕಾದ ಕಬ್ಬಿಣವಾಗುತ್ತಿತ್ತು. ಬೆಳಿಗ್ಗೆ ಬಿಳಿಯದು. ಸಾಲದೆ ಹೋದರೆ ಗುಲಾಬಿ. ಮಧ್ಯಾಹ್ನ ಊಟ ಬಿಟ್ಟು ಬರೀ ಚಹಾದ ಜೊತೆ ಕಿತ್ತಳೆ. ಮೂರು ಬಣ್ಣವೆಂದರೆ ಮೂರು ಬೇರೆ ಔಷಧ, ಒಂದರ ಮೇಲೊಂದು ಮೂರು ಕೋಟು ಬಿದ್ದರೆ ನೋವು ಮುಚ್ಚಿಹೋಗುತ್ತದೆ ಎಂಬುದು ನನ್ನ ಲೆಕ್ಕ.

ಹೊಟ್ಟೆ ಉರಿಯುತ್ತಿತ್ತು. ಚಹಾ ಜಾಸ್ತಿಯಾಯಿತು ಎಂದುಕೊಂಡೆ. ಒಂದು ಬೆಳಿಗ್ಗೆ ಕಕ್ಕಸಿನಲ್ಲಿ ನೋಡಿದರೆ ಬಣ್ಣ ಬದಲಾಗಿತ್ತು. ಹೆಂಡತಿಗೆ ಬರೆಯುವ ಮಾತಲ್ಲ, ಆದರೆ ನೀನೂ ನೋಡಿಕೊಳ್ಳಬೇಕಾದ್ದರಿಂದ ಬರೆಯುತ್ತೇನೆ. ಡಾಂಬರಿನ ಕಪ್ಪು, ಡಾಂಬರಿನದೇ ಅಂಟು. ಹೊಟ್ಟೆಯೊಳಗೆ ರಕ್ತ ಸೋರಿದರೆ ಹೊರಗೆ ಬರುವಾಗ ಹಾಗೆ ಕಪ್ಪಾಗಿರುತ್ತದಂತೆ. ನನಗೆಲ್ಲಿ ಗೊತ್ತು, ಏಣಿ ಹತ್ತಿದೆ. ಮೇಲೆ ಹೋಗುತ್ತಿದ್ದ ಹಾಗೆ ಚಾವಣಿ ತಿರುಗತೊಡಗಿತು. ಹೇಗೋ ಇಳಿದು ಕುಳಿತೆ, ವಾಂತಿಯಾಯಿತು, ಕಾಫಿಯ ಗಸಿ ಕದಡಿದ ಹಾಗೆ. ಮೇಸ್ತ್ರಿ ನೆಲ ನೋಡಿ, "ಯಾವ ಡಬ್ಬ ಚೆಲ್ಲಿದ್ಯೋ, ನೆಲ ಎಲ್ಲ ಹಾಳಾಯ್ತಲ್ಲೋ" ಎಂದು ಕೂಗಿದ. ನನ್ನದೇ ಡಬ್ಬ ಎನ್ನುವ ಮೊದಲೇ ನಾನು ಗೋಡೆಗೆ ಒರಗಿದ್ದೆನಂತೆ. ಹಸಿ ಗೋಡೆ. ಅಂಗಿಯ ಬೆನ್ನಿಗೆಲ್ಲ ಕೆನೆ ಬಣ್ಣ.

ಇಷ್ಟೇ, ಹೆಚ್ಚೇನಿಲ್ಲ. ಈಗ ಚೆನ್ನಾಗಿದ್ದೇನೆ. ಪಕ್ಕದ ಮಂಚದವನ ಗೊರಕೆಯೊಂದು ಬಿಟ್ಟರೆ ಯಾವ ತೊಂದರೆಯೂ ಇಲ್ಲ.

ಇಲ್ಲಿಯ ಡಾಕ್ಟರಮ್ಮ ನಿನ್ನ ಅಕ್ಕನ ಮಗಳ ವಯಸ್ಸಿನವಳು, ಬಾಯಿ ಮಾತ್ರ ನಿನ್ನ ಅಕ್ಕನದೇ. ಏನೇನು ತಗೊಂಡ್ರಿ ಎಂದು ಕೇಳಿದಳು. ಬಿಳಿ, ಗುಲಾಬಿ, ಕಿತ್ತಳೆ ಎಂದೆ.

"ಹೆಸರು ಹೇಳಿ ಯಜಮಾನ್ರೇ, ಬಣ್ಣ ಅಲ್ಲ."

"ನಾವು ಬಣ್ಣದಲ್ಲೇ ಗುರುತು ಹಿಡಿಯೋದು ಡಾಕ್ಟ್ರೇ."

"ಗೋಡೆಗಾದ್ರೆ ಹಿಡೀರಿ. ಹೊಟ್ಟೆಗೇನು ಕಣ್ಣಿದ್ಯಾ ಬಣ್ಣ ನೋಡೋಕೆ?"

ಜೇಬಿನಲ್ಲಿ ಉಳಿದಿದ್ದ ಮಾತ್ರೆಗಳನ್ನು ಅಂಗೈ ಮೇಲೆ ಹರಡಿಕೊಂಡು, ಅವುಗಳ ಮೇಲೆ ಕೊರೆದ ಅಕ್ಷರಗಳನ್ನು ಬೆಳಕಿಗೆ ಹಿಡಿದು ಓದಿದಳು. ಗುಲಾಬಿಯದು ಐಬುಪ್ರೊಫೇನ್, ಕಿತ್ತಳೆಯದು ಡೈಕ್ಲೊಫೆನಾಕ್. ಬಿಳಿಯವು ಎಲ್ಲ ಒಂದೇ ಎಂದು ನಾನು ತಿಳಿದಿದ್ದೆ. ಕೆಲವು ಪ್ಯಾರಸಿಟಮಾಲ್, ಕೆಲವು ಶೀತದ ಮಾತ್ರೆ, ಒಂದೆರಡು ಯಾವುದೆಂದು ಅವಳಿಗೂ ತಿಳಿಯಲಿಲ್ಲ. ನೋಡು, ನನ್ನ ಕಣ್ಣಿಗೆ ಬೇರೆ ಕಂಡದ್ದು ಒಂದೇ ಜಾತಿ, ಒಂದೇ ಕಂಡದ್ದು ಬೇರೆ ಬೇರೆ.

ಆಮೇಲೆ ಅವಳು ಕೇಳಿದಳು: "ಉಳಿದವು ಎಲ್ಲಿ?"

ಹೆಂಡತಿ ಒಯ್ದಳು, ಅವಳಿಗೆ ಮಂಡಿ ನೋವು ಎಂದೆ.

"ಅವರಿಗೆ ಬೇರೆ ಏನಾದ್ರೂ ಕಾಯಿಲೆ ಇದ್ಯಾ?"

"ಬಿ.ಪಿ. ಇದೆ. ಬೆಳಿಗ್ಗೆ ಎರಡು ಮಾತ್ರೆ. ಅದ್ರಲ್ಲಿ ಒಂದು ಮೂತ್ರ ಜಾಸ್ತಿ ಹೋಗೋಕಂತೆ."

ಬರೆಯುತ್ತಿದ್ದ ಪೆನ್ನು ನಿಂತಿತು. ಅಲ್ಲಿಯವರೆಗೆ ನನ್ನನ್ನು ಬೈಯುತ್ತಿದ್ದವಳು ಬೈಯುವುದನ್ನೇ ಬಿಟ್ಟಳು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. "ಈಗಲೇ ಫೋನ್ ಮಾಡಿ" ಎಂದಳು.

ಅವಳು ಹೇಳಿದ್ದನ್ನು ನಿನಗೆ ತಿಳಿಯುವ ಹಾಗೆ ಹೇಳುತ್ತೇನೆ, ಕೇಳು. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ನೋವಿನ ಮಾತ್ರೆಗಳಲ್ಲಿ ಎರಡು ಮನೆತನ. ಒಂದು ಮನೆಯಲ್ಲಿ ಪ್ಯಾರಸಿಟಮಾಲ್ ಒಬ್ಬನೇ. ಹೊಟ್ಟೆಯ ತಂಟೆಗೆ ಹೋಗದ ಸಾಧು, ಆದರೆ ಅಳತೆ ಮೀರಿದರೆ ಸದ್ದಿಲ್ಲದೆ ಲಿವರನ್ನು ಸುಡುತ್ತಾನೆ. ಅವನಿಗೆ ವೇಷ ಹಾಕುವ ಚಟ ಬೇರೆ. ಶೀತದ ಮಾತ್ರೆಯೊಳಗೆ, ಜ್ವರದ ಪುಡಿಯೊಳಗೆ, ಬೇರೆ ಹೆಸರಿನ ಪೊಟ್ಟಣದೊಳಗೆ ಕುಳಿತಿರುತ್ತಾನೆ. ನೆಗಡಿಗೊಂದು, ಮೈಕೈ ನೋವಿಗೊಂದು ಎಂದು ನುಂಗಿದರೆ ಅವನನ್ನೇ ಎರಡು ಸಲ ನುಂಗಿದ ಹಾಗೆ. ಇನ್ನೊಂದು ಮನೆ ಅಣ್ಣತಮ್ಮಂದಿರದು. ಐಬುಪ್ರೊಫೇನ್, ಡೈಕ್ಲೊಫೆನಾಕ್, ನ್ಯಾಪ್ರಾಕ್ಸೆನ್, ಆಸ್ಪಿರಿನ್ ಎಲ್ಲ ಅಲ್ಲಿಯವರು. ನೋವು, ಬಾವು ಇಳಿಸುತ್ತಾರೆ, ಜೊತೆಗೆ ಹೊಟ್ಟೆಯ ಒಳಪದರ ಕೆರೆಯುತ್ತಾರೆ, ಮೂತ್ರಪಿಂಡವನ್ನು ಹಿಂಡುತ್ತಾರೆ.

ಬೇರೆ ಕಾಯಿಲೆಯಿಲ್ಲದವರು ಈ ಮನೆಯಿಂದ ಒಬ್ಬ, ಆ ಮನೆಯಿಂದ ಒಬ್ಬ ಎಂದು ಕರೆಯಬಹುದಂತೆ, ಪೊಟ್ಟಣದ ಮೇಲೆ ಬರೆದ ಅಳತೆ ದಾಟದೆ, ಊಟದ ಮೇಲೆ, ಕೆಲವೇ ದಿನ. ಅಣ್ಣತಮ್ಮಂದಿರಲ್ಲಿ ಇಬ್ಬರನ್ನು ಒಟ್ಟಿಗೆ ಕರೆಯಲೇಬಾರದು. ನೋವು ಎರಡು ಪಾಲು ಇಳಿಯುವುದಿಲ್ಲ, ಕೇಡು ಎರಡು ಪಾಲಾಗುತ್ತದೆ. ನಾನು ಮಾಡಿದ್ದು ಅದನ್ನೇ, ಅದೂ ಖಾಲಿ ಹೊಟ್ಟೆಯಲ್ಲಿ.

ನಿನ್ನ ವಿಷಯ ನನಗಿಂತ ಕಷ್ಟದ್ದು. ನಿನ್ನ ಬಿ.ಪಿ. ಮಾತ್ರೆಗಳ ಜೊತೆ ಆ ಅಣ್ಣತಮ್ಮಂದಿರಲ್ಲಿ ಒಬ್ಬ ಸೇರಿದರೂ ಸಾಕು, ಮೂತ್ರಪಿಂಡ ನಿಂತುಹೋಗಬಹುದು ಎಂದಳು. ಪಾದ ಊದಿದೆಯಾ ನೋಡಿಕೋ. ಮೂತ್ರ ಕಡಿಮೆಯಾಗಿದೆಯಾ ನೋಡಿಕೋ. ಹೇಗಿದ್ದರೂ ಇವತ್ತೇ ಹೋಗಿ ರಕ್ತ ಪರೀಕ್ಷೆ ಮಾಡಿಸು. ಬಿ.ಪಿ. ಮಾತ್ರೆಯನ್ನು ನೀನಾಗಿ ನಿಲ್ಲಿಸಬೇಡ, ಅದನ್ನೇನು ಮಾಡಬೇಕೆಂದು ಅಲ್ಲಿಯ ಡಾಕ್ಟರೇ ಹೇಳಲಿ. ಡಬ್ಬಿಯನ್ನು ಕಸಕ್ಕೆ ಎಸೆಯಬೇಡ, ಯಾರಾದರೂ ಎತ್ತಿಕೊಂಡಾರು. ಹಾಗೆಯೇ ಡಾಕ್ಟರ ಮುಂದೆ ಇಡು.

ಬೇರೆ ಜಗಳವೆಲ್ಲ ಇರಲಿ. ಅದನ್ನು ಮುಂದುವರಿಸಲು ಎದುರಿಗೆ ನೀನು ಬೇಕು.

ಇಂತಿ,
ನಿನ್ನವನು ಎಂದು ಬರೆಯಲು ಈಗ ಧೈರ್ಯ ಸಾಲದ,
ಬಣ್ಣದವನು

ವಿ.ಸೂ.: ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ಎಡಗೈಯಲ್ಲಿ ಬರೆದದ್ದು. ಬಲಗೈಗೆ ಸಂಜೆಯವರೆಗೆ ಬಿಡುವಿಲ್ಲ.

*

ಶುಕ್ರವಾರ

ಬಣ್ಣದ ಸಾಹೇಬರಿಗೆ,

ಕಾಗದ ಗುರುವಾರ ಬೆಳಿಗ್ಗೆಯೇ ಬಂತು. ನರ್ಸಮ್ಮನ ಅಕ್ಷರ ಮುದ್ದಾಗಿದೆ, ಯಾರೋ ಮದುವೆಗೆ ಕರೆದಿದ್ದಾರೆ ಎಂದು ತೆರೆದೆ.

ಸ್ವಲ್ಪ ಹೊಟ್ಟೆ ಕೆಟ್ಟಿತ್ತಂತೆ. ಹೊಟ್ಟೆ ಕೆಟ್ಟವರ ಬಲಗೈಗೆ ಯಾಕೆ ಬಿಡುವಿರುವುದಿಲ್ಲ? ಮೇಸ್ತ್ರಿಗೆ ಫೋನು ಮಾಡಿ ಬಾಯಿ ಬಿಡಿಸಿದೆ. ಬಾಟಲಿಗಟ್ಟಲೆ ರಕ್ತ ಏರಿಸಿದ್ದು, ಗಂಟಲಿನಿಂದ ಕ್ಯಾಮೆರಾ ಇಳಿಸಿ ಹೊಟ್ಟೆಯ ಹುಣ್ಣಿಗೆ ತೇಪೆ ಹಾಕಿದ್ದು, ಒಂದು ಹಗಲೆಲ್ಲ ನಿಮಗೆ ಯಾರ ಗುರುತೂ ಹತ್ತದೆ ನರ್ಸಮ್ಮನನ್ನು ನನ್ನ ಅಕ್ಕ ಎಂದುಕೊಂಡು ಹೆದರಿದ್ದು, ಎಲ್ಲ ಹೇಳಿದರು. ಗೋಡೆ ಬಿರುಕು ಬಿಟ್ಟರೆ ಮೇಲೆ ಬಣ್ಣ ಬಳಿದು ಮುಚ್ಚುವುದು ನಿಮ್ಮ ಕೆಲಸ ಇರಬಹುದು. ನನ್ನ ಹತ್ತಿರ ಅದು ಬೇಡ.

ಅಕ್ಕ ನಿಮ್ಮ ಕಾಗದವನ್ನು ಬೈಯುತ್ತಲೇ ಎರಡು ಸಲ ಓದಿದಳು. ಆಮೇಲೆ ಒಳಗೆ ಹೋಗಿ ತನ್ನ ಸೊಂಟದ ಮಾತ್ರೆ ತಂದು ಮೇಜಿನ ಮೇಲಿಟ್ಟು, "ಇದು ಯಾವ ಮನೆತನದ್ದು ಅಂತ ಕೇಳೇ ನಿನ್ನ ಗಂಡನ್ನ" ಎಂದಳು. ಕೇಳಿ ಹೇಳಿ.

ನನ್ನ ವಿಷಯಕ್ಕೆ ಹೆದರಬೇಡಿ. ಆ ಡಬ್ಬಿಯನ್ನು ನಾನು ಮುಟ್ಟಿಯೇ ಇಲ್ಲ. ಮಂಡಿ ನೋವಿಗೆಂದು ಒಯ್ದಳು ಎಂದು ಡಾಕ್ಟರಮ್ಮನಿಗೆ ಹೇಳಿದಿರಂತೆ. ಅದು ನಿಮ್ಮ ಕೈಗೆ ಸಿಗಬಾರದು ಎಂದು ಒಯ್ದೆ. ದಿನದಿನಕ್ಕೆ ನೀವು ನುಂಗುವುದು ಹೆಚ್ಚುತ್ತಿದ್ದದ್ದು ನನಗೆ ಕಾಣುತ್ತಿರಲಿಲ್ಲವೇ? ಒಂದು ಹಿಡಿ ಮೊದಲೇ ಜೇಬಿಗೆ ಸುರಿದುಕೊಂಡಿದ್ದೀರೆಂದು ನನಗೇನು ಕನಸು ಬಿತ್ತೇ?

ಬೇಕರಿಯಲ್ಲಿ ಕೆಲಸ ಜೋರು. ನಿಂತು ನಿಂತು ಚಪ್ಪಲಿ ಬಿಗಿಯಾಗಿದೆ. ಈ ವಾರ ರಜೆ ಹಾಕಿದ್ದೇನೆ, ಸುಮ್ಮನೆ. ನೀವು ಡಾಕ್ಟರಮ್ಮ ಹೇಳಿದ ಹಾಗೆ ಕೇಳಿ. ಏಣಿಯ ಕಡೆ ನೋಡಲೂ ಬೇಡಿ.

ಇಂತಿ,
ಮುನಿಸು ಇನ್ನೂ ಇಳಿಯದ,
ಬೇಕರಿಯವಳು

ವಿ.ಸೂ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮುಟ್ಟಿಯೇ ಇಲ್ಲ ಎಂದದ್ದು ಸುಳ್ಳು. ಮೊದಮೊದಲು ಮುಟ್ಟಲಿಲ್ಲ, ಅದು ನಿಜ. ಒಂದು ದಿನ ಮೈದಾ ಮೂಟೆ ಸರಿಸುವಾಗ ಮಂಡಿ ಕಿರುಚಿತು, ಒಂದು ಗುಲಾಬಿ ತಗೊಂಡೆ. ಹಾಯೆನಿಸಿತು. ಅಲ್ಲಿಂದ ದಿನವೂ ಬೆಳಿಗ್ಗೆ ಗುಲಾಬಿ, ಸಂಜೆ ಕಿತ್ತಳೆ, ಬಿ.ಪಿ. ಮಾತ್ರೆಯ ಜೊತೆಗೇ. ಪಾದ ಊದಿ ಬೆರಳಿಟ್ಟರೆ ಗುಳಿ ಬೀಳುತ್ತದೆ. ನಿಮ್ಮ ಕಾಗದ ಓದಿ ಅದೇ ಗಳಿಗೆ ಡಬ್ಬಿ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಮೂತ್ರಪಿಂಡಕ್ಕೆ ಪೆಟ್ಟು ಬಿದ್ದಿದೆ ಎಂದರು. ನಿಲ್ಲಿಸಿದ್ದರಿಂದ ಚೇತರಿಸಿಕೊಳ್ಳಬಹುದಂತೆ, ಇನ್ನಷ್ಟು ದಿನ ಹೀಗೇ ನುಂಗಿದ್ದರೆ ಆ ಮಾತನ್ನೂ ಹೇಳಲಾಗುತ್ತಿರಲಿಲ್ಲವಂತೆ. ಈಗ ನೋವಿಗೆ ಪ್ಯಾರಸಿಟಮಾಲ್ ಒಂದೇ, ಅದೂ ಅವರು ಹೇಳಿದಷ್ಟೇ. ಬಿ.ಪಿ. ಮಾತ್ರೆಯಲ್ಲೂ ಒಂದನ್ನು ಅವರೇ ಬದಲಿಸಿದ್ದಾರೆ. ಸೋಮವಾರ ಮತ್ತೆ ರಕ್ತ ನೋಡುತ್ತಾರೆ. ಮೊದಲಿನದಕ್ಕಿಂತ ಕೆಟ್ಟಿದ್ದರೆ ಅಲ್ಲೇ ಸೇರಿಸಿಕೊಳ್ಳಬೇಕಾಗುತ್ತದೆ, ಜೊತೆಗೆ ಒಬ್ಬರು ಬರಲಿ ಎಂದಿದ್ದಾರೆ. ಅಕ್ಕ ಆಗಲೇ ಚೀಲ ತುಂಬಿಸಿಟ್ಟಿದ್ದಾಳೆ. ನೀನು ಬೇಡ ಎಂದೆ. ಅವಳು ನನ್ನ ಮುಖ ನೋಡಿದಳು, ಚೀಲ ಕೆಳಗಿಟ್ಟಳು, ಒಂದು ಮಾತೂ ಬೈಯಲಿಲ್ಲ. ಇದನ್ನು ಫೋನಿನಲ್ಲಿ ಹೇಳಲು ಹೋದರೆ ಅಳು ಬರುತ್ತದೆ, ಅದಕ್ಕೇ ಕಾಗದ. ಡಾಕ್ಟರಮ್ಮನನ್ನು ಕೇಳಿ, ಅವಳು ಒಪ್ಪಿದರೆ ಮಾತ್ರ, ಭಾನುವಾರದ ಬಸ್ಸಿಗೆ ಬನ್ನಿ.